ರಂಗೋಲಿ ಪುಡಿಯ ಎಂಟು

ಸಭೆ ಅಂದರೆ ಈಗಲೂ ನನಗೆ ಮೈ ಭಾರವಾಗುತ್ತದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಹಾಸನದ ನಮ್ಮ ಕಾಲೇಜಿನ ಸುತ್ತ ಇದ್ದ ಗಾಡಿ ನಿಲ್ಲಿಸುವ ಬಯಲುಗಳ ಮೇಲೆ ಊರಿನವರ ಕಣ್ಣು ಬಿತ್ತು. ಕಾಲೇಜಿನ ಮುಂದಿನ ಬಯಲಲ್ಲಿ ಹೊಳೆನರಸೀಪುರ, ಅರಕಲಗೂಡಿನ ಕಡೆಯಿಂದ ಬಂದ ವ್ಯಾನು, ಟೆಂಪೋಗಳು ನಿಲ್ಲುತ್ತಿದ್ದವು. ಹಿಂದೆ ಸೈಕಲ್ ಸ್ಟ್ಯಾಂಡು. ಪಕ್ಕದಲ್ಲಿ ಒಂದು ಹೊಂಗೆ ಮರವಿದ್ದ ಬಯಲು. ಅದು ಕೋರ್ಟು ಕಚೇರಿಗೆ ಬಂದವರ ಸ್ಕೂಟರುಗಳಿಗೆ. ಮೂರನ್ನೂ ಅಗೆದು, ಕೆಳಗೆ ಪಾರ್ಕಿಂಗ್, ಮೇಲೆ ಅಂಗಡಿಗಳು, ಅದರ ಮೇಲೆ ಆಫೀಸುಗಳಿರುವ ದೊಡ್ಡ ಕಾಂಪ್ಲೆಕ್ಸು ಕಟ್ಟುವುದೆಂದು ತೀರ್ಮಾನವಾಗಿ, ಅದಕ್ಕೊಂದು ಕಮಿಟಿಯೂ ಆಗಿತ್ತು.

ನಾನು ಭೂಗೋಳ ಪಾಠ ಮಾಡುತ್ತಿದ್ದೆ. ನಕ್ಷೆ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಪ್ರಿನ್ಸಿಪಾಲರು ನನ್ನನ್ನು ಆ ಕಮಿಟಿಗೆ ಹಾಕಿದರು. ಬೇಡವೆಂದೆ, ಕೇಳಲಿಲ್ಲ. ಎಂಜಿನಿಯರು ಮೇಜಿನ ಮೇಲೆ ನೀಲಿ ಹಾಳೆ ಬಿಡಿಸುವುದು, ನಾವು ಬಗ್ಗಿ ನೋಡುವುದು, ಬೋಂಡ ಕಾಫಿ ಬರುವುದು, ಎಣ್ಣೆ ಕೈಗೆ ಹಾಳೆ ಸಿಗದಂತೆ ಮತ್ತೆ ಸುತ್ತಿಡುವುದು. ಆ ಚಿತ್ರದಲ್ಲಿ ಕಾಂಪ್ಲೆಕ್ಸಿನ ಮುಂದೆ ಹಸಿರು ಮರಗಳ ಸಾಲಿತ್ತು. ಇರುವ ಒಂದು ಹೊಂಗೆ ಮರ ಮಾತ್ರ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ, ಅದು ಪ್ರಸ್ತುತ ಸ್ಥಿತಿ ಮೇಡಂ, ಇದು ಮುಂದಿನ ಸ್ಥಿತಿ ಅಂದರು. ನನ್ನ ಮುಂದಿನ ಸ್ಥಿತಿ ಏನು ಅಂತ ನನಗೇ ಗೊತ್ತಿಲ್ಲದ ದಿನಗಳು ಅವು. ತಲೆಯಾಡಿಸಿದೆ.

ಯಾಕೆಂದರೆ ಆ ವರ್ಷವೇ ನನ್ನ ಯಜಮಾನರಿಗೆ ಲಕ್ವಾ ಹೊಡೆದಿತ್ತು. ಬೆಳಿಗ್ಗೆ ಶೇವಿಂಗ್ ಮಾಡಿಕೊಳ್ಳುತ್ತಿದ್ದವರು ಹಾಗೇ ಗೋಡೆಗೆ ಒರಗಿದರು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಬುದ್ಧಿ ಮಾತ್ರ ಇದ್ದ ಹಾಗೇ ಇತ್ತು, ಅದೇ ದೊಡ್ಡ ಸಂಕಟ. ದಿನಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಲೇಜಿನ ಗೇಟಿಗೆ ಬಿಟ್ಟು ತಮ್ಮ ಆಫೀಸಿಗೆ ಹೋಗುತ್ತಿದ್ದ ಮನುಷ್ಯ. ನಾನು ಅದುವರೆಗೆ ಸೈಕಲ್ಲನ್ನೂ ಮುಟ್ಟಿದವಳಲ್ಲ. ಹೊಳೆನರಸೀಪುರದ ನಮ್ಮ ತವರಿನಲ್ಲಿ ಹೆಣ್ಣುಮಕ್ಕಳು ಸಂಗೀತ ಕಲಿಯುತ್ತಿದ್ದರು, ಸಂಸ್ಕೃತ ಕಲಿಯುತ್ತಿದ್ದರು, ಎಂ.ಎ. ಕೂಡ ಮಾಡಬಹುದಿತ್ತು. ಸೈಕಲ್ ಮಾತ್ರ ಗಂಡುಮಕ್ಕಳದು.

ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಎದ್ದು ಅವರನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ನಾನು ಬಸ್ಸು ಹಿಡಿಯುತ್ತಿದ್ದೆ. ಮಧ್ಯಾಹ್ನದ ಊಟವೇ ಕಷ್ಟದ್ದು. ಅನ್ನವನ್ನು ನುಣ್ಣಗೆ ಹಿಸುಕಿ, ಸಾರು ಕಲಸಿ, ಒಂದೊಂದೇ ತುತ್ತು ಕೊಡಬೇಕು. ಅವಸರ ಮಾಡಿದರೆ ನೆತ್ತಿಗೆ ಹತ್ತಿ ಕಣ್ಣು ಮೇಲಾಗುತ್ತಿತ್ತು. ಆ ಕೆಲಸವನ್ನು ಪಕ್ಕದ ಮನೆಯಾಕೆ ತಾವಾಗಿಯೇ ವಹಿಸಿಕೊಂಡಿದ್ದರು. ಪುಣ್ಯಾತ್ಗಿತ್ತಿ. ಆದರೆ ಯುಗಾದಿ ಕಳೆದ ಮೇಲೆ ಮಗಳ ಬಾಣಂತನಕ್ಕೆ ಅವರು ಹೊರಡಬೇಕಿತ್ತು. ಆಮೇಲೆ ಮಧ್ಯಾಹ್ನ ಬಂದು ಊಟ ಮಾಡಿಸುವವರು ಯಾರು? ಸಿಟಿ ಬಸ್ಸು ನನ್ನ ಪೀರಿಯಡ್ಡುಗಳನ್ನು ಕೇಳಿಕೊಂಡು ಬರುವುದಿಲ್ಲ. ನಮ್ಮ ಬಡಾವಣೆ ಆಗ ಊರ ಕೊನೆ, ಅತ್ತ ಬಂದ ಆಟೋ ವಾಪಸ್ಸು ಸಿಗುತ್ತಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ನನ್ನ ಅತ್ತಿಗೆ ಇದ್ದರು, ಇವರ ಅಕ್ಕ. ಒಳ್ಳೆಯವರೇ. ಯುಗಾದಿ ಆದ ಮೇಲೆ ಕಾರು ಮಾಡಿಕೊಂಡು ಬಂದು ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ನೀನು ಭಾನುವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗು ಅಂದರು. ಆ ಮಾತು ಆಡುವಾಗ ಇವರು ಮಂಚದ ಮೇಲೆಯೇ ಇದ್ದರು. ಅಕ್ಕ ಎದ್ದು ಹೋದ ಮೇಲೆ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡರು, ಬಿಡಲಿಲ್ಲ. ಮಾತು ಬಾರದ ಮನುಷ್ಯ ಇನ್ನು ಹೇಗೆ ಹೇಳಬೇಕು? ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅತ್ತು ಮುಗಿಸಿ, ಗಾಡಿ ಕಲಿಯುವುದೆಂದು ನಿಶ್ಚಯ ಮಾಡಿದೆ.

ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಒಬ್ಬರಿದ್ದರು. ಅರಕಲಗೂಡಿನ ಹತ್ತಿರದ ಹಳ್ಳಿಯವರು, ಬೌದ್ಧರ ಮನೆತನ. ಅಪ್ಪನ ಮೊಪೆಡ್ಡಿನ ಮೇಲೆ ಹೊಗೆಸೊಪ್ಪಿನ ಹೊರೆ ಹೇರಿಕೊಂಡು ಹೋಗಿ ಬೆಳೆದವರು. ಕುತ್ತಿಗೆಯಲ್ಲಿ ಸದಾ ಸೀಟಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಾದರೂ ಹೆದರಿಸಿ ಮಾತಾಡುತ್ತಿದ್ದರು. ಅವರನ್ನು ಕೇಳಿದೆ. ಒಂದು ನಿಮಿಷ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಭಾನ್ವಾರ ಬೆಳಿಗ್ಗೆ ಹೊಂಗೆ ಮರದ್ ತಾವ ಬನ್ನಿ, ಸೀರೆ ಎತ್ತಿ ಕಟ್ಕಂಡ್ ಬನ್ನಿ ಅಂದರು.

ಹಾಸನದಲ್ಲಿ ಬೇರೆ ಜಾಗವೇ ಇರಲಿಲ್ಲವೇ ಎಂದು ಕೇಳಬಹುದು. ಸ್ಟೇಡಿಯಂನಲ್ಲಿ ವಾಕಿಂಗಿಗೆ ಬಂದ ಗಂಡಸರೆಲ್ಲ ನಿಂತು ನೋಡುತ್ತಿದ್ದರು, ಸಲಹೆ ಬೇರೆ ಕೊಡುತ್ತಿದ್ದರು. ಕಾಲೇಜಿನ ಆಟದ ಮೈದಾನಕ್ಕೆ ಕಾಂಪ್ಲೆಕ್ಸಿನ ಮರಳು, ಜಲ್ಲಿ, ಕಬ್ಬಿಣ ಬಂದು ಬಿದ್ದಿತ್ತು. ಮುಂದಿನ ಬಯಲನ್ನಾಗಲೇ ಅಗೆದಿದ್ದರು, ಸೈಕಲ್ ಸ್ಟ್ಯಾಂಡನ್ನು ಅಗೆಯುತ್ತಿದ್ದರು. ಕೋರ್ಟು ಕಚೇರಿಗೆ ರಜೆ ಇರುವ ಭಾನುವಾರ ಖಾಲಿ ಇರುತ್ತಿದ್ದದ್ದು ಆ ಹೊಂಗೆ ಮರದ ಬಯಲೊಂದೇ. ಅದನ್ನೂ ಬರುವ ವಾರ ಅಗೆಯಲು ಶುರುಮಾಡುತ್ತಾರೆಂದು ಕಮಿಟಿಯಲ್ಲಿ ಕೂತಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ಆ ನಕ್ಷೆಗೆ ನಾನೇ ತಲೆಯಾಡಿಸಿದ್ದೆನಲ್ಲ.

ಇವರ ಸ್ಕೂಟರನ್ನು ಕೊಟ್ಟು ಒಂದು ಹಳೇ ಮೊಪೆಡ್ ತಂದೆವು. ಸ್ಕೂಟರು ಗೇಟು ದಾಟುವಾಗ ಇವರು ಗೋಡೆ ಕಡೆ ಮುಖ ಮಾಡಿದ್ದರು. ಮಾರನೆಯ ಬೆಳಿಗ್ಗೆ ನಾನು ಬಯಲಿಗೆ ಹೊರಟಾಗ ಮಾತ್ರ ಎಡಗೈ ಎತ್ತಿ ನನ್ನನ್ನು ಹತ್ತಿರ ಕರೆದರು. ಹಾಸಿಗೆಯ ಹೊದಿಕೆಯ ಮೇಲೆ ತೋರುಬೆರಳಿನಿಂದ ನಿಧಾನವಾಗಿ ಒಂದು ಎಂಟು ಬರೆದರು. ಲೈಸೆನ್ಸ್ ಪರೀಕ್ಷೆಯಲ್ಲಿ ಗಾಡಿಯನ್ನು ಎಂಟರ ಆಕಾರದಲ್ಲಿ ಕಾಲು ಊರದೆ ಓಡಿಸಬೇಕು, ಅದನ್ನು ಹೇಳುತ್ತಿದ್ದಾರೆ ಅಂತ ನನಗೆ ಅರ್ಥವಾಯಿತು. ನಡುವಿನ ಗಂಟಿನ ಹತ್ತಿರ ಬಂದಾಗ ಮಣಿಕಟ್ಟನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ವಾಲಿಸಿದರು. ಇಲ್ಲಿ ವಾಲಬೇಕು. ಮತ್ತೊಂದು ಸಲ ಬರೆದು ತೋರಿಸಿದರು.

ಗಾಡಿ ತಳ್ಳಿಕೊಂಡೇ ಬಯಲಿಗೆ ಹೋದೆ. ನೆಲದ ಮೇಲೆ ಎಂಟು ಬರೆಯಲು ಸುಣ್ಣದ ಪುಡಿ ತರುತ್ತೇನೆಂದಿದ್ದ ನಮ್ಮ ಮೇಡಂ ಬರಿಗೈಯಲ್ಲಿ ಬಂದರು. ಸ್ಪೋರ್ಟ್ಸ್ ಸ್ಟಾಕು ಮುಗಿದಿತ್ತಂತೆ. ನಾನು ಇರಲಿ ಎಂದು ಮನೆಯಿಂದ ರಂಗೋಲಿ ಪುಡಿಯ ಡಬ್ಬ ತಂದಿದ್ದೆ. ಬಗ್ಗಿ ಬರೆಯಲು ಶುರು ಮಾಡಿದೆ. ಅಭ್ಯಾಸಬಲ, ಮೊದಲು ಚುಕ್ಕಿ ಇಟ್ಟೆ, ಆಮೇಲೆ ಗೆರೆ ಎಳೆದೆ. ಎರಡು ಹೊಟ್ಟೆಗಳೂ ಬೋಳಾಗಿ ಕಂಡವು, ಒಂದೊಂದು ಕಮಲ ಹಾಕಿದೆ. ಮೇಡಂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದರು. ಬೌದ್ಧರ ಮನೆಯವರಾದರೂ ಗಾಡಿಯ ಮಟ್ಟಿಗೆ ಊರಿನ ಪದ್ಧತಿ ಬಿಡದೆ ಅವರು ತಮ್ಮ ಪಾಲಿಗೆ ನಿಂಬೆಹಣ್ಣು, ಕುಂಕುಮ ತಂದಿದ್ದರು. ಹೊಸದಾಗಿ ಮನೆಗೆ ಬಂದ ಗಾಡಿಗೆ ಪೂಜೆ ಮಾಡದೆ ಹತ್ತಬಾರದು ಅಂದರು. ಎಂಟರ ನಡುವಿನ ಗಂಟಿನ ಮೇಲೆ ಮೊಪೆಡ್ ನಿಲ್ಲಿಸಿ, ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, ಗಾಡಿಯನ್ನು ಮುಂದಕ್ಕೆ ತಳ್ಳಿ ಅವನ್ನು ಅಪ್ಪಚ್ಚಿ ಮಾಡಿದೆವು.

ಈಗ ಓಡಿಸಬೇಕು. ಗಾಡಿ ಗೆರೆಯ ಹತ್ತಿರ ಬರುತ್ತಿದ್ದಂತೆ ನನ್ನ ಕೈ ತಾನಾಗಿ ಆಚೆಗೆ ತಿರುಗುತ್ತಿತ್ತು. ಹುಟ್ಟಿದಾಗಿನಿಂದ ರಂಗೋಲಿ ತುಳಿಯಬೇಡ ಅನ್ನಿಸಿಕೊಂಡು ಬೆಳೆದ ದೇಹ ಅದು, ನಾನೇನು ಮಾಡಲಿ? ಹೊರಗೆ ತಿರುಗಿಸುವುದು, ಕಾಲು ಊರುವುದು, ಬೀಳುವುದು. ಮೊಣಕೈ ತರಚಿತು, ಸೀರೆಯ ಅಂಚು ಚೈನಿಗೆ ಸಿಕ್ಕಿತು. ನೆಲ ಸಮ ಇಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮೇಡಂ ಗೊಣಗಿದ್ದು ಕೇಳಿಸಿತು. ಕೊನೆಗೆ ಸೀಟಿ ಬಾಯಿಂದ ತೆಗೆದು ನನ್ನ ಮುಂದೆ ಬಂದು ನಿಂತರು.

“ಮೇಡಂ, ಇದು ಲಕ್ಷ್ಮಿ ಅಲ್ಲ ಕಣ್ರಿ, ಲೈಸೆನ್ಸಿನ್ ಎಂಟು. ತುಳೀರಿ.”

ತುಳಿದೆ. ಮನಸ್ಸಿನಲ್ಲಿ ಮೂವತ್ತಮೂರು ಕೋಟಿ ದೇವತೆಗಳ ಕ್ಷಮೆ ಕೇಳಿಕೊಂಡು ಕಮಲದ ಮೇಲೆಯೇ ಗಾಡಿ ಬಿಟ್ಟೆ. ಅರ್ಧ ಎಂಟು ಬಂತು. ಮಿಕ್ಕರ್ಧಕ್ಕೆ ಹೊಂಗೆ ಮರ ಅಡ್ಡ ಬಂತು. ಮನೆಗೆ ಹೋಗಿ ತರಚಿದ ಮೊಣಕೈ ತೋರಿಸಿದಾಗ ಇವರ ಬಾಯಿಯ ಎಡಗಡೆ ಒಂದಿಷ್ಟು ನಕ್ಕಿತು. ಲಕ್ವಾ ಹೊಡೆದ ಮೇಲೆ ನಾನು ಕಂಡ ಮೊದಲ ನಗು. ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ಸೋಮವಾರ ಕಾಲೇಜಿಗೆ ಹೋದರೆ ಹೊಂಗೆ ಮರದ ಬಯಲು ಖಾಲಿ. ಸ್ಕೂಟರುಗಳೆಲ್ಲ ರಸ್ತೆಯ ಆಚೆ ಚರಂಡಿಗೆ ಒತ್ತಿಕೊಂಡು ನಿಂತಿವೆ. ಬಯಲಿನ ಸುತ್ತ ಜನ ನಿಂತು ಒಳಗೆ ನೋಡುತ್ತಿದ್ದಾರೆ. ಅಗೆಯುವವರು ಗುದ್ದಲಿ ಪಿಕಾಸಿ ಕೆಳಗಿಟ್ಟು ಬೀಡಿ ಸೇದುತ್ತಾ ಕೂತಿದ್ದಾರೆ. ಏನಾಯಿತು ಎಂದು ಅಟೆಂಡರನ್ನು ಕೇಳಿದೆ. ಅವನು ದನಿ ತಗ್ಗಿಸಿ, ಯಾರೋ ಮಾಟ ಮಾಡವ್ರೆ ಮೇಡಂ, ಆ ಕಡೀಕ್ ಓಗ್ಬೇಡಿ ಅಂದ.

ನಾನೂ ಇಣುಕಿದೆ. ನಿಜಕ್ಕೂ ನೋಡಿದವರಿಗೆ ಎದೆ ಝಲ್ಲೆನ್ನುವ ಹಾಗೇ ಇತ್ತು. ಹಾವು ಸುತ್ತಿಕೊಂಡಂಥ ಯಾವುದೋ ಮಂಡಲ, ಚಕ್ರ ಹರಿದು ಅಳಿಸಿದ ಕಮಲ, ನಡುವೆ ಅಪ್ಪಚ್ಚಿಯಾದ ನಿಂಬೆಹಣ್ಣು, ಅದರ ಮೇಲೆ ಕುಂಕುಮ. ಪಕ್ಕದಲ್ಲಿ ನನ್ನ ಹಸಿರು ಗಾಜಿನ ಬಳೆಯ ಚೂರುಗಳು. ಬಿದ್ದಾಗ ಒಡೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಸೆರಗು ಎಳೆದು ಕೈ ಮುಚ್ಚಿಕೊಂಡೆ.

ಹೇಳಿಬಿಡೋಣ ಅಂದುಕೊಂಡು ನಮ್ಮ ಮೇಡಂ ಹತ್ತಿರ ಓಡಿದೆ. ಅವರು ಆಗಲೇ ಎಲ್ಲ ಕೇಳಿಸಿಕೊಂಡು, ಸ್ಪೋರ್ಟ್ಸ್ ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ನಗುತ್ತಿದ್ದರು. ನಗು ನಿಲ್ಲಿಸಿ ಅವರು ಕೇಳಿದ್ದು ಒಂದೇ ಮಾತು.

“ನಿಮ್ಗೆ ಎಂಟು ಪೂರ್ತಿ ಬಂದದಾ?”

ಇಲ್ಲ ಅಂದೆ.

“ಮತ್ತೆ ಸುಮ್ಕಿರಿ. ಅವ್ರು ಎದ್ರುಕೊಂಡ್ರೆ ನಾವೇನ್ ಮಾಡಕಾಯ್ತದೆ? ಬರೋ ಭಾನ್ವಾರ ಬನ್ನಿ.”

ಸುಮ್ಮನಿದ್ದೆ. ಮನೆಯಲ್ಲಿ ಸೆರಗು ಹಿಡಿದುಕೊಂಡ ಕೈ ಒಂದಿತ್ತು. ಅದರ ಮುಂದೆ ಕಾಂಪ್ಲೆಕ್ಸು ನಾಲ್ಕು ವಾರ ತಡವಾದರೆ ಯಾವ ಗಂಟು ಹೋಗುತ್ತಿತ್ತು? ಇವತ್ತಿಗೂ ನನಗೆ ಅದರ ಬಗ್ಗೆ ಬೇಸರವಿಲ್ಲ.

ಆ ವಾರದ ಸಭೆ ಮಾತ್ರ ನನ್ನ ಜೀವ ತೆಗೆಯಿತು. ಎಂಜಿನಿಯರು ನೀಲಿ ಹಾಳೆ ಬಿಡಿಸಿ, ಪಶ್ಚಿಮ ಭಾಗದ, ಅಂದರೆ ಹೊಂಗೆ ಮರದ ಬಯಲಿನ, ಕಾಮಗಾರಿ ಅನಿವಾರ್ಯ ಕಾರಣದಿಂದ ನಿಂತಿದೆ ಅಂದರು. ಅನಿವಾರ್ಯ ಕಾರಣ ಯಾವುದು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜಾಗ ಕಳೆದುಕೊಂಡ ಪೆಟ್ಟಿಗೆ ಅಂಗಡಿಯವರು ಮಾಡಿಸಿದ್ದು ಅಂತ ಒಬ್ಬರು, ಟೆಂಡರ್ ಸಿಗದ ಕಂಟ್ರಾಕ್ಟರು ಮಾಡಿಸಿದ್ದು ಅಂತ ಇನ್ನೊಬ್ಬರು. ಹೀಗೆ ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದ್ದರಿಂದ ಯಾರ ತಲೆಗೂ ಬರಲಿಲ್ಲ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು, ವಿಜ್ಞಾನದ ವ್ಯಕ್ತಿ, ಆ ಮಂಡಲವನ್ನು ತಾವು ಕೇರಳದ ಕಡೆ ಕಂಡದ್ದುಂಟು, ಬಲು ಉಗ್ರವಾದದ್ದು ಅಂದರು. ನಾನು ಬೋಂಡ ತಿನ್ನುತ್ತಾ ತಲೆ ಬಗ್ಗಿಸಿಕೊಂಡಿದ್ದೆ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ನನಗೆ ಸಾವಿರ ವರ್ಷ ಬೇಕಿರಲಿಲ್ಲ, ಯುಗಾದಿಯವರೆಗೆ ಸಾಕಿತ್ತು. ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೋಗಿ, ಅಳಿಸಿದ ಗೆರೆಯ ಮೇಲೆ ಹೊಸ ಗೆರೆ ಎಳೆದು, ಎಂಟು ಸುತ್ತುತ್ತಿದ್ದೆ. ಸೋಮವಾರ ಜನ ಅದನ್ನು ಮತ್ತೆ ಹೊಸದಾಗಿ ಕಂಡು ಮತ್ತಷ್ಟು ಹೆದರುತ್ತಿದ್ದರು. ಸಿಕ್ಕಿಬೀಳುವ ಭಯ ನನಗೂ ಇತ್ತು. ಆದರೆ ಮಾಟದ ಜಾಗಕ್ಕೆ ಭಾನುವಾರ ಬೆಳಿಗ್ಗೆ ಬಂದು ಇಣುಕುವವರು ಯಾರು? ಆ ಊರಿನಲ್ಲಿ ಹೆಂಗಸರಿಗೆ ಯಾರ ಕಾಟವೂ ಇಲ್ಲದ ಒಂದು ಬಯಲು ಅಂತ ನಾನು ಕಂಡದ್ದು ಅದೊಂದೇ. ಮನೆಗೆ ಬಂದು ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದೆ. ಇವರು ಹೊದಿಕೆಯ ಮೇಲೆ ಬೆರಳಿನಿಂದ ಎಂಟು ಬರೆದು ಸರಿ ಮಾಡುತ್ತಿದ್ದರು. ಗಂಟಿನ ಹತ್ತಿರ ಮಣಿಕಟ್ಟು ವಾಲಿಸುವುದನ್ನು ಮಾತ್ರ ಒಮ್ಮೆಯೂ ಬಿಡಲಿಲ್ಲ. ನಮ್ಮಿಬ್ಬರಿಗೂ ಆಡಲು ಒಂದು ಮಾತು ಸಿಕ್ಕಿತ್ತು.

ಎಂಟು ಬಂತು. ಒಂದು ಭಾನುವಾರ ಕಾಲೂರದೆ ಸುತ್ತಿ ಬಂದೆ, ಮೇಡಂ ಸೀಟಿ ಊದುವುದನ್ನೇ ಮರೆತರು. ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಮುಖ ಎತ್ತಿಯೂ ನೋಡದೆ ಪಾಸು ಮಾಡಿದರು, ಅಷ್ಟಕ್ಕೆ ಇಷ್ಟು ರಾಮಾಯಣ. ಇತ್ತ ಕಂಟ್ರಾಕ್ಟರು ಬೇಸತ್ತು ದೂರದ ಊರಿನಿಂದ ಒಬ್ಬ ಪುರೋಹಿತರನ್ನು ಕರೆಸಿ, ಹೋಮ ಮಾಡಿಸಿ, ನನ್ನ ಎಂಟರ ಮೇಲೆ ಬೂದುಗುಂಬಳ ಒಡೆಸಿದರು. ಕಮಿಟಿಯವರೆಲ್ಲ ಹೋಗಬೇಕಾಯಿತು. ಮಾಟ ಇಳಿಯಿತೆಂದು ಪುರೋಹಿತರು ತೀರ್ಥ ಕೊಟ್ಟರು, ನಾನೂ ಕಣ್ಣಿಗೊತ್ತಿಕೊಂಡು ಕುಡಿದೆ. ಮಧ್ಯಾಹ್ನವೇ ಹೊಂಗೆ ಮರ ಉರುಳಿತು. ಅದಕ್ಕೆ ನನಗೆ ನೋವಾಯಿತು, ಎಷ್ಟು ಸಲ ಅದಕ್ಕೆ ಗುದ್ದಿದ್ದೆನೋ ಏನೋ.

ಯುಗಾದಿ ಕಳೆಯಿತು. ಪಕ್ಕದ ಮನೆಯಾಕೆ ಊರಿಗೆ ಹೊರಟರು. ಗಾಡಿ ಕಲಿತಿದ್ದೇನೆ, ಮಧ್ಯಾಹ್ನ ನಾನೇ ಬರುತ್ತೇನೆ ಎಂದು ಅತ್ತಿಗೆಗೆ ಹೇಳಿಕಳಿಸಿದ್ದೆ. ಅವರು ನಂಬಿರಲಿಲ್ಲ. ಆ ದಿನ ನಾನು ಮೂರನೇ ಪೀರಿಯಡ್ ಮುಗಿಸಿ, ಗಂಟೆ ಹೊಡೆಯುತ್ತಿದ್ದಂತೆ ಓಡಿ ಮೊಪೆಡ್ ಹತ್ತಿದೆ. ಅದುವರೆಗೆ ಬರೀ ಸುತ್ತುತ್ತಲೇ ಇದ್ದವಳಿಗೆ ನೇರ ರಸ್ತೆಯೇ ಭಯ. ಹಿಂದಿನಿಂದ ಲಾರಿ ಹಾರ್ನ್ ಮಾಡಿದರೆ ಬೆನ್ನು ಬೆವರುತ್ತಿತ್ತು. ಹೇಗೋ ಮನೆ ಮುಟ್ಟಿದರೆ ಬಾಗಿಲಲ್ಲಿ ಕಾರು ನಿಂತಿದೆ. ಒಳಗೆ ಅತ್ತಿಗೆ ಇವರ ಪಂಚೆ, ಟವೆಲ್ಲು ಮಡಿಸಿ ಬ್ಯಾಗಿಗೆ ತುಂಬುತ್ತಿದ್ದಾರೆ. ಇವರು ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದರು. ಮೊಪೆಡ್ಡಿನ ಸದ್ದು ಆಗಲೇ ಕೇಳಿಸಿತ್ತೆಂದು ಕಾಣುತ್ತದೆ, ಎಡಗಣ್ಣಿನಿಂದ ನೀರು ಇಳಿದು ಕಿವಿಗೆ ಹೋಗಿತ್ತು.

ಕೈತೊಳೆದು, ಅನ್ನ ಹಿಸುಕಿ, ಸಾರು ಕಲಸಿ ತುತ್ತು ಕೊಡಲು ಕೂತೆ. ಅತ್ತಿಗೆ ನಿಂತು ನೋಡಿದರು. ಒಂದಗುಳೂ ನೆತ್ತಿಗೆ ಹತ್ತಲಿಲ್ಲ. ಊಟ ಮುಗಿದ ಮೇಲೆ ಅವರು ಕೇಳಿದರು.

“ದಿನಾ ಹೀಗೆ ಓಡಿ ಬರ್ತೀಯಾ? ನಿನ್ನ ಕೈಲಾಗುತ್ತಾ?”

“ಆಗೋವರೆಗೂ ಬರ್ತೀನಿ ಅಕ್ಕ.”

ಅವರು ಬ್ಯಾಗಿನಿಂದ ಪಂಚೆ ತೆಗೆದು ಮತ್ತೆ ಬೀರುವಿನಲ್ಲಿಟ್ಟು, ಚನ್ನರಾಯಪಟ್ಟಣಕ್ಕೆ ಒಬ್ಬರೇ ವಾಪಸ್ಸು ಹೋದರು. ನನಗೆ ನಾಲ್ಕನೇ ಪೀರಿಯಡ್ ಬಿಡುವಿತ್ತು, ಐದನೇ ಪೀರಿಯಡ್ಡಿಗೆ ಮತ್ತೆ ಕಾಲೇಜಿನಲ್ಲಿದ್ದೆ.

ಆಗೋವರೆಗೂ ಅಂದದ್ದು ವರ್ಷಗಳಾಯಿತು. ಬಿಸಿಲು, ಮಳೆ, ಪಂಕ್ಚರು, ಪರೀಕ್ಷೆಯ ಮೇಲ್ವಿಚಾರಣೆ, ಬಂದ್, ಯಾವುದಕ್ಕೂ ಆ ಮಧ್ಯಾಹ್ನ ತಪ್ಪಲಿಲ್ಲ. ಸುಸ್ತಾಗಿತ್ತು, ಸುಳ್ಳು ಯಾಕೆ ಹೇಳಲಿ? ಕೆಲವು ದಿನ ಸಿಗ್ನಲ್ಲಿನಲ್ಲಿ ನಿಂತಾಗ, ದೇವರೇ ಸಾಕು ಅನ್ನಿಸಿದ್ದೂ ಇದೆ. ಸಾಕು ಅಂದದ್ದು ಯಾವುದಕ್ಕೆ ಅಂತ ನಾನು ವಿಚಾರಿಸಲು ಹೋಗಲಿಲ್ಲ. ಕಾಂಪ್ಲೆಕ್ಸೂ ನನ್ನ ಹಾಗೆಯೇ ಕುಂಟುತ್ತಾ ಎದ್ದಿತು. ಕೆಲಸ ನಿಲ್ಲುವುದು, ಶುರುವಾಗುವುದು, ಮಳೆನೀರು ತುಂಬಿಕೊಳ್ಳುವುದು. ಎರಡು ಸಾವಿರ ಇಸವಿ ದಾಟಿ ಎಷ್ಟೋ ಆದ ಮೇಲೆ ಮುಗಿಯಿತು. ಮೇಲೆ ಮೊಬೈಲು ಅಂಗಡಿ, ಝೆರಾಕ್ಸ್ ಅಂಗಡಿ, ರೆಡಿಮೇಡ್ ಬಟ್ಟೆ. ಕೆಳಗೆ ಪಾರ್ಕಿಂಗ್. ಚಿತ್ರದಲ್ಲಿದ್ದ ಮರಗಳು ಬರಲಿಲ್ಲ. ನೆಲಮಾಳಿಗೆಯಲ್ಲಿ ನಾನು ಗಾಡಿ ನಿಲ್ಲಿಸುತ್ತಿದ್ದ ಕಂಬ, ನಕ್ಷೆಯ ಲೆಕ್ಕದಲ್ಲಿ, ಸರಿಯಾಗಿ ಆ ಹೊಂಗೆ ಮರದ ಜಾಗ. ಇವರಿಗೆ ಅದನ್ನು ಹೇಳಿದಾಗ ಹೊದಿಕೆಯ ಮೇಲೆ ಬೆರಳಿನಿಂದ ಎಂಟು ಬರೆದು ನಕ್ಕಿದ್ದರು.

ಅದೇ ವರ್ಷದ ಮಳೆಗಾಲದಲ್ಲಿ ಇವರು ಹೋದರು. ಬೆಳಗಿನ ಜಾವ, ನಿದ್ದೆಯಲ್ಲಿ. ನನಗೆ ತೊಂದರೆ ಕೊಡದೆ ಹೋದರು ಎಂದು ಬಂದವರೆಲ್ಲ ಹೇಳಿದರು. ಅವರು ಎಂದೂ ನನಗೆ ತೊಂದರೆಯಾಗಿರಲಿಲ್ಲ ಎಂದು ಬಂದವರಿಗೆ ಯಾರು ಹೇಳಬೇಕು?

ಹದಿಮೂರು ದಿನದ ಕಾರ್ಯ ಮುಗಿಸಿ ಕಾಲೇಜಿಗೆ ಹೋದೆ. ಮೊದಲ ಪೀರಿಯಡ್ಡಿನಲ್ಲಿ ನದೀ ಕಣಿವೆಗಳ ಪಾಠ ಮಾಡಿದೆ, ಆಮೇಲೆ ಇನ್ನೆರಡು ತರಗತಿ. ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಸೀಮೆಸುಣ್ಣ ಕೆಳಗಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬೇಗ ಬೇಗ ನೆಲಮಾಳಿಗೆಗೆ ಇಳಿದು ಗಾಡಿ ಸ್ಟಾರ್ಟ್ ಮಾಡಿ ಕಂಬದ ಪಕ್ಕದಿಂದ ಹೊರಗೆ ತೆಗೆದೆ. ಆಗ ನೆನಪಾಯಿತು. ದಾರಿಯ ನಡುವೆ ಹಾಗೇ ನಿಂತೆ. ಹಿಂದೆ ಗಾಡಿಗಳು ಹಾರ್ನ್ ಮಾಡುತ್ತಿದ್ದವು. ಕಾವಲಿನವನು ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಮೇಡಂ, ಓಗ್ತೀರೋ, ವಾಪಸ್ ನಿಲ್ಲುಸ್ತೀರೋ? ಇಂದ್ಗಡೆ ಗಾಡಿ ನಿಂತವೆ.”

ಐದನೇ ಪೀರಿಯಡ್ಡಿನವರೆಗೆ ನನಗೆ ಹೋಗಲು ಬೇರೆ ಯಾವ ಜಾಗವೂ ಗೊತ್ತಿರಲಿಲ್ಲ. ಹೋಗ್ತೀನಪ್ಪಾ ಅಂದೆ. ಮನೆಗೆ ಹೋಗಿ ಬೀಗ ತೆಗೆದು ಅಡುಗೆಮನೆಗೆ ನಡೆದೆ. ಬೆಳಿಗ್ಗೆ ಕೈ ತಪ್ಪಿ ಇಬ್ಬರಿಗಾಗುವಷ್ಟು ಅನ್ನ ಮಾಡಿಟ್ಟಿದ್ದೆ, ಮೆತ್ತಗೆ. ಅದನ್ನು ಹಿಸುಕಿ, ಸಾರು ಕಲಸಿ, ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಒಂದೊಂದೇ ತುತ್ತು ಉಂಡೆ.